ಮುದ್ದೆ ಬೇಯುವಷ್ಟು ಹೊತ್ತಿನ ಜಪ

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದಾಗ ನಾನು ಜರ್ಮನಿಯ ಕೊಲೋನಿನಲ್ಲಿ ಇರಲಿಲ್ಲ. ಮೂರು ವಾರದ ರಜೆಗೆ ಮೈಸೂರಿಗೆ ಬಂದಿದ್ದೇನೆ. ಲಷ್ಕರ್ ಮೊಹಲ್ಲಾದ ಅಮ್ಮನ ಮನೆಯ ಜಗಲಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನೀನು ಶ್ರೀರಂಗಪಟ್ಟಣದ ಗಂಜಾಮಿನವಳು ಎಂದು ಹೇಳಿದ್ದೇ ತಡ, ಅಮ್ಮ ನಿನ್ನ ಮನೆತನವನ್ನೆಲ್ಲ ವಿಚಾರಿಸಲು ಶುರುಮಾಡಿದರು.

ನೀನು ಬರೆದಿರುವುದನ್ನು ಎರಡು ಸಲ ಓದಿದೆ. ಜರ್ಮನಿಗೆ ಬಂದು ಎರಡೂವರೆ ತಿಂಗಳಾಯಿತು, ಆಸ್ಪತ್ರೆಯಲ್ಲಿ ಪಾಳಿಯ ಕೆಲಸ, ಅದು ಮುಗಿದರೆ ಭಾಷೆಯ ತರಗತಿ, ಇಷ್ಟು ದಿನದಲ್ಲಿ ಚರ್ಚಿನ ಪೂಜೆಗೆ ಹೋದದ್ದು ಎರಡೇ ಭಾನುವಾರ. ಊರಿನಿಂದ ನಿನ್ನ ಅಮ್ಮ ಫೋನ್ ಮಾಡಿ ‘ಪೂಜೆಗೆ ಹೋಗಿದ್ದೆಯಾ’ ಎಂದು ಕೇಳಿದರೆ ಹೌದೆಂದು ಸುಳ್ಳು ಹೇಳುತ್ತೀಯೆ. ವಿಳಾಸ ನೋಂದಾಯಿಸುವಾಗ, ಚರ್ಚ್ ತೆರಿಗೆ ತಪ್ಪುತ್ತದೆ ಎಂಬ ಜೊತೆಯವರ ಮಾತು ಕೇಳಿ ಧರ್ಮದ ಅಂಕಣದಲ್ಲಿ ಗೆರೆ ಎಳೆದುಬಿಟ್ಟೆ, ಅದು ತಪ್ಪೇ ಎಂದು ಕೇಳಿದ್ದೀಯೆ. ಕೊನೆಗೆ, ‘ಇಲ್ಲಿ ದೇವರನ್ನು ಎಲ್ಲಿ ಇಟ್ಟುಕೊಳ್ಳಲಿ ಅಕ್ಕ, ದಿನದಲ್ಲಿ ಜಾಗವೇ ಇಲ್ಲ’ ಎಂದಿದ್ದೀಯೆ. ಆ ಮಾತು ನನ್ನ ಎದೆಯಲ್ಲಿ ಕುಳಿತುಬಿಟ್ಟಿತು. ಹದಿನೇಳು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ.

ಮೊದಲು ಅಮ್ಮನಿಗೆ ನಿಜ ಹೇಳು. ಇವತ್ತೇ ಹೇಳು. ಸುಳ್ಳಿನ ಭಾರ ಹೊತ್ತುಕೊಂಡು ಪ್ರಾರ್ಥನೆಗೆ ಕೂರಲು ಆಗುವುದಿಲ್ಲ, ನನಗಂತೂ ಆಗಲಿಲ್ಲ. ಭಾನುವಾರ ಬೆಳಗಿನ ಪಾಳಿ ಬಿದ್ದರೆ ಶನಿವಾರ ಸಂಜೆಯ ಪೂಜೆಗೆ ಹೋಗು, ಭಾನುವಾರದ ಕರ್ತವ್ಯ ಅದರಲ್ಲೇ ಸಲ್ಲುತ್ತದೆ. ಇದು ನಮ್ಮ ಕಥೋಲಿಕ ಧರ್ಮಸಭೆಯ ನಿಯಮದಲ್ಲೇ ಇದೆ. ಎರಡೂ ಆಗದಿದ್ದರೆ, ತಕ್ಕ ಕಾರಣವಿರುವವರನ್ನು ಧರ್ಮಸಭೆ ದೋಷಿಗಳೆಂದು ಎಣಿಸುವುದಿಲ್ಲ, ರೋಗಿಗಳನ್ನು ಬಿಟ್ಟು ಬರಲಾಗದ ದಾದಿಯ ಕಾರಣ ತಕ್ಕ ಕಾರಣವೇ. ನಿನ್ನ ಆಸ್ಪತ್ರೆಯಲ್ಲಿ ಪ್ರಾರ್ಥನಾ ಮಂದಿರ ಇದೆಯೇ ಎಂದೂ ವಿಚಾರಿಸು. ಅಲ್ಲಿನ ಬಹಳಷ್ಟು ಆಸ್ಪತ್ರೆಗಳಲ್ಲಿ ಇರುತ್ತದೆ, ನನ್ನದರಲ್ಲಿ ಇದ್ದದ್ದು ನನಗೆ ಎಂಟು ತಿಂಗಳು ಗೊತ್ತೇ ಇರಲಿಲ್ಲ.

ಭಾಷೆ ಅರ್ಥವಾಗದೆ ಪೂಜೆಯಲ್ಲಿ ಗೋಡೆಯಂತೆ ನಿಂತಿದ್ದೆ ಎಂದಿದ್ದೀಯಲ್ಲ, ಅದಕ್ಕೊಂದು ದಾರಿ ಇದೆ. ಆ ದಿನದ ವಾಚನಗಳನ್ನು ಹೊರಡುವ ಮೊದಲು ಕನ್ನಡದಲ್ಲಿ ಓದಿಕೊಂಡು ಹೋಗು. ಭಾನುವಾರದ ಶುಭಸಂದೇಶ ಕೊಲೋನಿಗೂ ಗಂಜಾಮಿಗೂ ಒಂದೇ. ಚಳಿಗಾಲದಲ್ಲಿ ನಮ್ಮೂರು ನಾಲ್ಕೂವರೆ ಗಂಟೆ ಮುಂದಿರುತ್ತದೆ, ಹಾಗಾಗಿ ನೀನು ಕೇಳುವ ಹೊತ್ತಿಗೆ ನಿನ್ನ ಅಮ್ಮ ಅದನ್ನೇ ಕೇಳಿ, ಮನೆಗೆ ಬಂದು, ಊಟಕ್ಕೂ ಕುಳಿತಿರುತ್ತಾರೆ. ಕನ್ನಡದ ಪೂಜೆಯನ್ನು ನಾನು ಅಲ್ಲಿ ಒಮ್ಮೆಯೂ ಕಂಡಿಲ್ಲ. ಕೇರಳದ ದಾದಿಯರು 1960ರ ದಶಕದಿಂದಲೇ ಅಲ್ಲಿಗೆ ಬಂದವರು, ಅವರ ಮಲಯಾಳಂ ಪೂಜೆ ಸಿಗುತ್ತದೆ. ಮೊದಮೊದಲು ನಾನು ಅಲ್ಲಿಗೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ನಮ್ಮ ಕಡೆಯ ಮುಖಗಳನ್ನು ನೋಡಿದರೇ ಅರ್ಧ ಜೀವ ಬರುತ್ತಿತ್ತು.

ಇನ್ನು ಜಾಗದ ಮಾತು.

ನನ್ನ ಮೊದಲ ವರ್ಷ ಹೀಗಿತ್ತು. ಹೊರಡುವ ದಿನ ಅಮ್ಮ ಕೊಟ್ಟಿದ್ದ ಜಪಸರ ದಿಂಬಿನ ಕೆಳಗೆ. ರಾತ್ರಿ ಮಲಗುವ ಮುನ್ನ ಪೂರ್ತಿ ಐವತ್ಮೂರು ಮಣಿ ಮುಗಿಸಲೇಬೇಕು ಎಂದು ಹಟ. ಎರಡನೆಯ ಹತ್ತು ಮಣಿಗೆ ಬರುವಷ್ಟರಲ್ಲಿ ಕಣ್ಣು ಮುಚ್ಚಿಹೋಗುತ್ತಿತ್ತು. ಬೆಳಿಗ್ಗೆ ಎದ್ದರೆ ಮೊದಲು ತಪ್ಪಿತಸ್ಥ ಭಾವ, ಆಮೇಲೆ ಕಾಫಿ. ಹೀಗೆ ಎರಡು ತಿಂಗಳು ನಡೆದು, ಒಂದು ದಿನ ಜಪಸರವನ್ನು ಮೇಜಿನ ಡ್ರಾಯರ್‌ಗೆ ಹಾಕಿದೆ. ಬಿಡುವಾದಾಗ ಸರಿಯಾಗಿ ಮಾಡೋಣ ಎಂದುಕೊಂಡೆ. ಬಿಡುವು ಬರಲಿಲ್ಲ. ಒಂದು ವರ್ಷ ನಾನು ಪ್ರಾರ್ಥಿಸಲೇ ಇಲ್ಲ ತಂಗಿ. ಯಾರ ಮೇಲೂ ಕೋಪದಿಂದಲ್ಲ, ನಂಬಿಕೆ ಹೋಗಿ ಅಲ್ಲ, ಸುಮ್ಮನೆ ನಿಂತುಹೋಯಿತು.

ಮೊದಲ ಸಲ ರಜೆಗೆ ಬಂದಾಗ ಒಂದು ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಿದ್ದೆ. ಅಮ್ಮ ಮುದ್ದೆಗೆ ಎಸರಿಟ್ಟಿದ್ದರು. ನೀರು ಮರಳಿತು. ರಾಗಿ ಹಿಟ್ಟನ್ನು ಪಾತ್ರೆಯ ನಡುವೆ ಗುಡ್ಡೆಯಾಗಿ ಸುರಿದರು. ಮುದ್ದೆ ಕೋಲಿನ ತುದಿಯಿಂದ ಆ ಗುಡ್ಡೆಯ ಮೇಲೆ ಸಣ್ಣದೊಂದು ಶಿಲುಬೆ ಗೀರಿ, ಕೋಲನ್ನು ಪಕ್ಕಕ್ಕಿಟ್ಟು, ಒಲೆಯ ಮುಂದೆ ನಿಂತು ತುಟಿ ಅಲ್ಲಾಡಿಸತೊಡಗಿದರು. ಗೀರಿದ ಶಿಲುಬೆಯ ಗೆರೆಗಳಲ್ಲಿ ನೀರು ಬುಳುಬುಳು ಎಂದು ಉಕ್ಕಿ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ‘ಆಯಿತು’ ಎಂದು ಕೋಲು ಹಿಡಿದು ತೊಳಸತೊಡಗಿದರು. ಗಡಿಯಾರ ನೋಡಲೇ ಇಲ್ಲ. ‘ಎಷ್ಟು ಹೊತ್ತು ಬೇಯಬೇಕು ಅಂತ ಹೇಗೆ ಗೊತ್ತಾಗುತ್ತದೆ’ ಎಂದು ಕೇಳಿದೆ. ‘ಒಂದು ಪರಲೋಕ ಮಂತ್ರ, ಹತ್ತು ನಮೋ ಮರಿಯಾ. ನಮ್ಮ ಅಜ್ಜಿ ಹಾಗೇ ಮಾಡುತ್ತಿದ್ದರು’ ಎಂದರು. ಯೇಸು ಕಲಿಸಿದ ಪ್ರಾರ್ಥನೆ ಒಂದು ಸಲ, ಮರಿಯಮ್ಮನ ಜಪ ಹತ್ತು ಸಲ. ಹುಟ್ಟಿದಾಗಿನಿಂದ ಆ ಮುದ್ದೆ ಉಂಡವಳು ನಾನು. ಅದು ನಮೋ ಮರಿಯಾ ಲೆಕ್ಕದಲ್ಲಿ ಬೇಯುತ್ತಿತ್ತು ಎಂಬುದು ಇಪ್ಪತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು.

ಅಮ್ಮನಿಗೂ ಬಿಡುವು ಇರಲಿಲ್ಲ. ನಾಲ್ಕು ಮಕ್ಕಳು, ಹೊಲಿಗೆ ಯಂತ್ರ, ಕೊಳಾಯಿಯಲ್ಲಿ ನೀರು ಬರುವ ಹೊತ್ತಿಗೆ ಓಟ. ಮುದ್ದೆ ಹೇಗೂ ಬೇಯಬೇಕಿತ್ತು. ಆ ಹೊತ್ತನ್ನೇ ಅವರು ದೇವರಿಗೆ ಕೊಟ್ಟಿದ್ದರು.

ವಾಪಸು ಹೋದ ಮೇಲೆ ನನ್ನ ದಿನದಲ್ಲಿ ಹಾಗೆ ಬೇಯುವ ಹೊತ್ತು ಯಾವುದು ಎಂದು ಹುಡುಕಿದೆ. ಸಿಕ್ಕಿತು. ನಿನಗೂ ಗೊತ್ತಿರುವುದೇ. ಪ್ರತಿ ಕೋಣೆಯ ಬಾಗಿಲ ಪಕ್ಕ ಕೈಗೆ ಹಚ್ಚುವ ಸೋಂಕುನಿವಾರಕದ ಡಬ್ಬ ಇರುತ್ತದಲ್ಲ, ಮೊಣಕೈಯಿಂದ ಒತ್ತುವಂಥದ್ದು. ಮೂವತ್ತು ಸೆಕೆಂಡು ತಿಕ್ಕಬೇಕು ಎಂದು ನಿನಗೂ ಕಲಿಸಿರುತ್ತಾರೆ. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ. ಅವಸರವಿಲ್ಲದೆ ಹೇಳಿದರೆ ಒಂದು ಪರಲೋಕ ಮಂತ್ರಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಅಂದಿನಿಂದ ಒಂದು ಪಾಳಿಯಲ್ಲಿ ಎಷ್ಟು ಸಲ ಕೈ ತಿಕ್ಕುತ್ತೇನೋ ಅಷ್ಟು ಸಲ ಪರಲೋಕ ಮಂತ್ರ, ಕನ್ನಡದಲ್ಲಿ, ಮನಸ್ಸಿನೊಳಗೆ.

ಇದನ್ನು ಕೇವಲ ಸಮಯ ಉಳಿಸುವ ಉಪಾಯ ಎಂದುಕೊಳ್ಳಬೇಡ. ನಡೆದದ್ದು ಹೇಳುತ್ತೇನೆ. ಆಗ ನಮ್ಮ ವಾರ್ಡಿನಲ್ಲಿ ಪಾರ್ಶ್ವವಾಯು ಹೊಡೆದು ಎಡಗೈ ಸ್ವಾಧೀನ ತಪ್ಪಿದ ಒಬ್ಬ ವೃದ್ಧೆ ಇದ್ದರು. ನನ್ನ ಜರ್ಮನ್ ಉಚ್ಚಾರಣೆಯನ್ನು ಅಣಕಿಸುತ್ತಿದ್ದರು, ಮುಟ್ಟಿದರೆ ಗದರುತ್ತಿದ್ದರು. ನಾಲ್ಕು ದಿನ ಹಲ್ಲು ಕಚ್ಚಿಕೊಂಡು ಹೋಗಿ ಬಂದೆ. ಐದನೆಯ ದಿನ ಅವರ ಬಾಗಿಲಲ್ಲಿ ಕೈ ತಿಕ್ಕುತ್ತಾ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಸಾಲಿಗೆ ಬಂದೆ, ಮುಂದಕ್ಕೆ ಹೋಗಲಾಗಲಿಲ್ಲ. ಅಲ್ಲೇ ನಿಂತೆ. ಮತ್ತೆ ಮೊದಲಿನಿಂದ ಹೇಳಿದೆ. ಒಳಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ನೀರಿನ ಲೋಟ. ಅದು ಅವರ ಎಡಗಡೆಯ ಮೇಜಿನ ಮೇಲಿತ್ತು, ಅವರಿಗೆ ಎಟುಕದ ಕಡೆ, ತುಂಬಿದ್ದು ತುಂಬಿದ ಹಾಗೆಯೇ. ನಾಲ್ಕು ದಿನ ನಾನೇ ಅದನ್ನು ಅಲ್ಲಿಟ್ಟು ಬಂದಿದ್ದೆ. ಮೇಜನ್ನು ಬಲಕ್ಕೆ ಸರಿಸಿ ಲೋಟ ಕೈಗೆ ಕೊಟ್ಟೆ. ಒಂದೇ ಉಸಿರಿಗೆ ಕುಡಿದು, ಇನ್ನೊಂದು ಲೋಟ ಕೇಳಿದರು. ಅವರ ಗದರಿಕೆ ಆಮೇಲೂ ಪೂರ್ತಿ ನಿಲ್ಲಲಿಲ್ಲ, ಆದರೆ ನನಗೆ ಅದು ಬೇರೆ ಥರ ಕೇಳಿಸತೊಡಗಿತು.

ನಿನ್ನ ಊರಿನ ಗುಡಿಯನ್ನು, ಅಂದರೆ ನಮ್ಮ ಚರ್ಚನ್ನು, ಯಾರ ಹೆಸರಿನಿಂದ ಕರೆಯುತ್ತಾರೆ ಎಂದು ನಿನಗೆ ನಾನು ಹೇಳಬೇಕಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ನಮ್ಮ ಕ್ರೈಸ್ತ ಜನರ ನಡುವೆ ಬಂದು ನಿಂತ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ನಮ್ಮವರ ಉಡುಗೆ ಉಟ್ಟು, ನಮ್ಮವರಂತೆ ಬದುಕಿದರು, ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದರು. ಸಿಡುಬು ಊರೂರನ್ನೇ ತೆಗೆಯುತ್ತಿದ್ದ ಆ ದಿನಗಳಲ್ಲಿ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. ಪರದೇಶದಲ್ಲಿ, ಪರರ ಭಾಷೆಯಲ್ಲಿ, ಪರರ ತೋಳು ಹಿಡಿದು ಸೂಜಿ ಚುಚ್ಚುವ ಕೆಲಸ ಗಂಜಾಮಿನವರಿಗೆ ಹೊಸದಲ್ಲ, ಈಗ ಆ ಕಡೆಯಿಂದ ಈ ಕಡೆಗೆ ಬರುವ ಬದಲು ಈ ಕಡೆಯಿಂದ ಆ ಕಡೆಗೆ ಹೋಗಿದೆ ಅಷ್ಟೇ.

ಅಂಕಣದ ವಿಷಯ. ಗೆರೆ ಎಳೆದದ್ದು ತಪ್ಪು, ಸರಿಪಡಿಸು. ನಾನೂ ಎಳೆದಿದ್ದೆ, ಮೂರು ವರ್ಷದ ಮೇಲೆ ಕಚೇರಿಗೆ ಹೋಗಿ ಕಥೋಲಿಕಳು ಎಂದು ಬರೆಸಿ ಬಾಕಿಯನ್ನೂ ಕಟ್ಟಿದೆ. ಜೊತೆಯವರು ಹೆದರಿಸುವಷ್ಟು ದೊಡ್ಡ ಮೊತ್ತವೇನೂ ಅಲ್ಲ. ಕೊಲೋನ್ ಇರುವ ರಾಜ್ಯದಲ್ಲಿ ಈ ಚರ್ಚ್ ತೆರಿಗೆ ನಿನ್ನ ಆದಾಯ ತೆರಿಗೆಯ ಶೇ 9, ಸಂಬಳದ ಶೇ 9 ಅಲ್ಲ. ತಿಂಗಳಿಗೆ 300 ಯೂರೊ ಆದಾಯ ತೆರಿಗೆ ಕಡಿತವಾಗುತ್ತಿದ್ದರೆ ಇದಕ್ಕೆ 27 ಯೂರೊ. ಮನೆಗೆ ಕಳಿಸುವ ದುಡ್ಡಿನಲ್ಲಿ ಅಷ್ಟು ಕಡಿಮೆಯಾಗುವುದು ನಿಜ, ಆ ಸಂಕಟ ನನಗೆ ಗೊತ್ತು. ಆದರೂ ಯೇಸುವಿನ ಶಿಷ್ಯನಲ್ಲವೇ ಎಂದು ಕೇಳಿದಾಗ ‘ನಾನಲ್ಲ’ ಎಂದು ಪೇತ್ರನು ಬೆಂಕಿ ಕಾಯಿಸುತ್ತಾ ಹೇಳಿದ್ದು ಪ್ರತಿ ವರ್ಷ ಶುಭಶುಕ್ರವಾರ ವಾಚನದಲ್ಲಿ ಬಂದಾಗ, ಆ ಗೆರೆ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ಗುಡಿಗಳು ಖಾಲಿ, ಜರ್ಮನ್ ಸಹೋದ್ಯೋಗಿಗಳು ನಂಬಿಕೆಯ ಮಾತೆತ್ತಿದರೆ ನಗುತ್ತಾರೆ ಎಂದೂ ಬರೆದಿದ್ದೀಯೆ. 2022 ಒಂದೇ ವರ್ಷದಲ್ಲಿ ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ಕಥೋಲಿಕರು ಧರ್ಮಸಭೆಯನ್ನು ಬಿಟ್ಟರು. ಮಕ್ಕಳ ಮೇಲೆ ನಡೆದ ದೌರ್ಜನ್ಯವನ್ನು ಮುಚ್ಚಿಟ್ಟದ್ದಕ್ಕೆ ನೊಂದು ಬಿಟ್ಟವರು ಎಷ್ಟೋ ಜನ. ಅವರ ಮುಂದೆ ವಾದಕ್ಕೆ ಇಳಿಯಬೇಡ, ಕೇಳಿಸಿಕೋ. ಅವರ ನೋವು ನಿಜವಾದದ್ದು.

ನೀನು ಕುಗ್ಗಿದ ದಿನ ರೈಲು ನಿಲ್ದಾಣದಿಂದ ಹೊರಗೆ ಬಂದು ತಲೆ ಎತ್ತು. ಮೈಸೂರಿನ ಸಂತ ಫಿಲೋಮಿನಾ ಗುಡಿಗೆ 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಇಟ್ಟರಲ್ಲ, ಅದರ ಜೋಡಿ ಗೋಪುರಗಳಿಗೆ ಮಾದರಿ ಎನ್ನುವುದು ಇದೇ ಕೊಲೋನಿನ ಮಹಾದೇವಾಲಯವನ್ನು. ನಮ್ಮದು 175 ಅಡಿ, ಅದು 157 ಮೀಟರ್, ಹತ್ತಿರ ಹತ್ತಿರ ಮೂರು ಪಟ್ಟು. ಮೊದಲ ಸಲ ಕಂಡಾಗ, ನಮ್ಮ ಅಶೋಕ ರಸ್ತೆಯ ಗುಡಿ ಬೆಳೆದು ಇಲ್ಲಿಗೆ ಬಂದಿದೆ ಅನ್ನಿಸಿ ಅಳು ಬಂತು. 1248ರಲ್ಲಿ ಶುರುವಾದ ಆ ಗುಡಿ ಮುಗಿದದ್ದು 1880ರಲ್ಲಿ. ನಡುವೆ ಸುಮಾರು ಮುನ್ನೂರು ವರ್ಷ ಕೆಲಸ ನಿಂತೇ ಹೋಗಿತ್ತು, ಅರ್ಧ ಎದ್ದ ಗೋಪುರದ ಮೇಲೆ ಕಲ್ಲೆತ್ತುವ ಮರದ ಕ್ರೇನ್ ಹಾಗೆಯೇ ನಿಂತಿತ್ತಂತೆ. ಇದನ್ನು ಓದಿದ ದಿನ ನನ್ನ ಡ್ರಾಯರ್‌ನ ಜಪಸರ ನೆನಪಾಯಿತು. ಒಳಗೆ ಹೋದರೆ ಪೂರ್ವದಿಂದ ಬಂದ ಮೂವರು ಜ್ಞಾನಿಗಳ ಅವಶೇಷಗಳ ಚಿನ್ನದ ಪೆಟ್ಟಿಗೆ ಇದೆ. ಜನವರಿ 6ರ ಸುಮಾರಿಗೆ ಮಕ್ಕಳು ಕಿರೀಟ ಹಾಕಿಕೊಂಡು ಆ ಜ್ಞಾನಿಗಳ ವೇಷದಲ್ಲಿ ಮನೆಮನೆಗೆ ಬಂದು, ಬಾಗಿಲ ಮೇಲೆ ಸೀಮೆಸುಣ್ಣದಿಂದ ಆ ವರ್ಷದ ಅಂಕಿ ಬರೆದು ಮನೆಯನ್ನು ಆಶೀರ್ವದಿಸಿ ಹೋಗುತ್ತಾರೆ. ಧರ್ಮಕೇಂದ್ರದ ಕಚೇರಿಯಲ್ಲಿ ನಿನ್ನ ವಿಳಾಸ ಬರೆಸಿಡು. ಒಂಟಿ ಕೋಣೆಯಾದರೂ ಬರೆಸು.

ಈಗ ಆರು ಗಂಟೆ. ಫಿಲೋಮಿನಾ ಗುಡಿಯ ಗಂಟೆ ಹೊಡೆಯುತ್ತಿದೆ. ಒಳಗೆ ಅಮ್ಮ ಎಸರಿಟ್ಟಿದ್ದಾರೆ, ಹಿಟ್ಟು ತಂದು ಕೊಡು ಎಂದು ಕೂಗುತ್ತಿದ್ದಾರೆ. ನಿನಗೆಂದು ಒಂದು ಮುದ್ದೆ ಕೋಲು ತೆಗೆದಿಟ್ಟಿದ್ದಾರೆ, ಅದು ನನ್ನ ಪೆಟ್ಟಿಗೆಯಲ್ಲಿ ಓರೆಯಾಗಿ ಇಟ್ಟರೆ ಮಾತ್ರ ಹಿಡಿಯುತ್ತದೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರಕ್ಕೆ ನಾನು ಅಲ್ಲಿರುತ್ತೇನೆ. ಅವತ್ತು ನಿನ್ನ ಪಾಳಿ ಯಾವುದು ಎಂದು ಬರೆ, ಅದನ್ನು ನೋಡಿಕೊಂಡು ಯಾವ ಪೂಜೆಗೆ ಹೋಗುವುದೆಂದು ಗೊತ್ತುಮಾಡೋಣ.

ನಿನ್ನ ಅಕ್ಕ