ಕಾಲು ಉಳುಕಿ ಮೂರು ವಾರ ಆಯಿತು, ಎಕ್ಸ್‌ರೇಯಲ್ಲಿ ಏನೂ ಇಲ್ಲ, ನೋವೂ ಇಲ್ಲ. ಮುಂದಿನ ತಿಂಗಳು ಕಬಡ್ಡಿ ಆಡಬಹುದಾ?

ಪ್ರಶ್ನೆಯ ಕೊನೆಗೆ ನೀವು ಸುಮ್ಮನೆ ಸೇರಿಸಿದ ಹಾಗೆ ಒಂದು ಸಾಲಿದೆ: "ಹೋದ ವರ್ಷವೂ ಇದೇ ಕಾಲು ಉಳುಕಿತ್ತು." ನನಗೆ ಯೋಚನೆ ಹತ್ತಿದ್ದು ಅಲ್ಲಿ.

ನಾನು ಡಾಕ್ಟರಲ್ಲ. ಕುಂಬಳೆ ಕಡೆಯ ಶಾಲೆಯೊಂದರಲ್ಲಿ ಡ್ರಿಲ್ ಮಾಷ್ಟ್ರು. ಕಬಡ್ಡಿ ಹುಡುಗರ ಕಾಲುಗಂಟು ನೋಡುತ್ತಲೇ ವಯಸ್ಸಾಗುತ್ತಿದೆ. ನೀವು ಬದಿಯಡ್ಕದವರು, 24 ವರ್ಷ, ರೈಡರ್ ಅಂದಿದ್ದೀರಿ. ಮುಂದಿನ ತಿಂಗಳು ಆಡಬಹುದೋ ಇಲ್ಲವೋ ಅನ್ನುವುದನ್ನು ಕ್ಯಾಲೆಂಡರ್ ನೋಡಿ ಹೇಳಲು ಆಗುವುದಿಲ್ಲ, ಕಾಲನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಆ ಪರೀಕ್ಷೆ ಮನೆಯಂಗಳದಲ್ಲೇ ಮಾಡಬಹುದು.

ಮೊದಲು ಒಳಗೆ ಆದದ್ದೇನು ಅಂತ ನೋಡಿ. ರೈಡ್ ಮುಗಿಸಿ ಗೆರೆಯ ಕಡೆ ತಿರುಗುವಾಗ ಪಾದ ಒಳಕ್ಕೆ ಮಗುಚಿತು. ಹೊರಬದಿಯಲ್ಲಿ ಉಬ್ಬಿ ಕಾಣುವ ಎಲುಬನ್ನು ಪಾದಕ್ಕೆ ಹಿಡಿದಿಡುವ ಲಿಗಮೆಂಟುಗಳು, ಅಂದರೆ ಗಟ್ಟಿ ನಾರಿನ ಪಟ್ಟಿಗಳು, ಮೂರು. ಮುಂದಿನದ್ದೇ ಎಲ್ಲಕ್ಕಿಂತ ದುರ್ಬಲ, ಸಾಮಾನ್ಯವಾಗಿ ಮೊದಲು ಹರಿಯುವುದೂ ಅದೇ. ಎಕ್ಸ್‌ರೇಗೆ ಎಲುಬು ಕಾಣುತ್ತದೆ, ಲಿಗಮೆಂಟು ಕಾಣುವುದಿಲ್ಲ. ಹಾಗಾಗಿ "ಏನೂ ಇಲ್ಲ" ಅಂದರೆ ಎಲುಬು ಮುರಿದಿಲ್ಲ ಅಂತ, ಅಷ್ಟೇ. ಬಾವು, ನೋವು ಕೆಲವು ವಾರಗಳಲ್ಲಿ ಇಳಿಯುತ್ತವೆ. ಹರಿದ ಜಾಗದಲ್ಲಿ ಹುಟ್ಟಿದ ಹೊಸ ನಾರು ಗಟ್ಟಿಯಾಗಲು ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ.

ಇನ್ನೊಂದು ಸಂಗತಿಯನ್ನು ಬಹಳಷ್ಟು ಮಂದಿ ಗಮನಿಸುವುದೇ ಇಲ್ಲ. ಪಾದ ಯಾವ ಕಡೆ ವಾಲಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ನರದ ತುದಿಗಳು ಅದೇ ಲಿಗಮೆಂಟಿನೊಳಗೆ ಇರುತ್ತವೆ. ಲಿಗಮೆಂಟು ಹರಿದಾಗ ಆ ಸುದ್ದಿಯೂ ತಡವಾಗುತ್ತದೆ. ಪಾದ ಮಗುಚುವ ಹೊತ್ತಿಗೆ ಮೀನಖಂಡದ ಹೊರಬದಿಯ ಸ್ನಾಯು ಅದನ್ನು ಸರಕ್ಕನೆ ಹಿಂದಕ್ಕೆ ಎಳೆಯಬೇಕು. ಸುದ್ದಿ ತಡವಾದರೆ ಎಳೆತವೂ ತಡ, ಮತ್ತೆ ಉಳುಕು. ನೋವು ಹೋಯಿತೆಂದು ಈ ಚುರುಕು ತಾನಾಗಿ ಮರಳುವುದಿಲ್ಲ, ಅಭ್ಯಾಸ ಮಾಡಿಯೇ ತರಬೇಕು. ಹೋದ ವರ್ಷ ನೀವು ಅದನ್ನು ಮಾಡಿರಲಿಕ್ಕಿಲ್ಲ ಅಂತ ನನ್ನ ಊಹೆ.

ಐಸ್, ಮುರಿವೆಣ್ಣ (ಉಳುಕಿಗೆ ಹಚ್ಚುವ ಆಯುರ್ವೇದದ ಎಣ್ಣೆ), ಉಜ್ಜಿಸುವುದರ ಬಗ್ಗೆಯೂ ಕೇಳಿದ್ದೀರಿ. ಐಸ್ ಮೊದಲ ಒಂದೆರಡು ದಿನ ನೋವು ಕಡಿಮೆ ಮಾಡುತ್ತದೆ, ಈಗ ಅದರ ಕೆಲಸವಿಲ್ಲ. ಐಸ್ ಮತ್ತು ವಿಶ್ರಾಂತಿಯ ಸೂತ್ರವನ್ನು 1978ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ ಮುಂದೆ, ಎರಡೂ ಅತಿಯಾದರೆ ಗುಣವಾಗುವುದು ತಡವಾಗಬಹುದು ಅಂದರು. ಮುರಿವೆಣ್ಣ ಹಗುರವಾಗಿ ಹಚ್ಚಿಕೊಳ್ಳಿ, ನನ್ನ ತಕರಾರಿಲ್ಲ. ಆದರೆ ಉಳುಕಿದ ಮೊದಲ ಎರಡು ಮೂರು ದಿನ ಬಾವಿನ ಮೇಲೆ ಹೆಬ್ಬೆರಳು ಒತ್ತಿ "ನರ ಕೂರಿಸುವ" ಕೆಲಸ ಯಾರಿಂದಲೂ ಮಾಡಿಸಬೇಡಿ. ಹರಿದ ಜಾಗದಲ್ಲಿ ರಕ್ತ ಇನ್ನಷ್ಟು ಸೋರುತ್ತದೆ.

ಈಗ ವ್ಯಾಯಾಮ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಕಾಲಿನ ಹೆಬ್ಬೆರಳನ್ನು ಗೋಡೆಯಿಂದ ಹೆಚ್ಚೆಂದರೆ ಎಷ್ಟು ದೂರ ಇಟ್ಟು ಮುಟ್ಟಿಸಲು ಆಗುತ್ತದೆ ಅಂತ ಎರಡೂ ಕಾಲಿನಲ್ಲಿ ಅಳೆಯಿರಿ. ಉಳುಕಿದ ಕಾಲು ಹಿಂದೆ ಬಿದ್ದಿದ್ದರೆ ಇದನ್ನೇ ದಿನಕ್ಕೆ ಎರಡು ಮೂರು ಹೊತ್ತು ಮಾಡಿ. ಜೊತೆಗೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸಿ. ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಒಂದರಲ್ಲೇ. ಹಳೆಯ ಸೈಕಲ್ ಟ್ಯೂಬಿನ ಒಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದನ್ನು ಪಾದಕ್ಕೆ ಸುತ್ತಿ, ಪಾದವನ್ನು ಹೊರಕ್ಕೆ ತಳ್ಳಿ. 15ರಂತೆ ಮೂರು ಸುತ್ತು ಸಾಕು. ಸುದ್ದಿ ಬಂದ ಕೂಡಲೇ ಎಳೆಯಬೇಕಾದ ಸ್ನಾಯು ಇದೇ.

ಎಲ್ಲಕ್ಕಿಂತ ಮುಖ್ಯವಾದದ್ದು ನೋಡಲು ತಮಾಷೆಯ ಹಾಗಿದೆ. ಉಳುಕಿದ ಕಾಲೊಂದರ ಮೇಲೆ 30 ಸೆಕೆಂಡು ನಿಲ್ಲಿ. ಸುಲಭವಾಯಿತೇ? ಕಣ್ಣು ಮುಚ್ಚಿ ನಿಲ್ಲಿ. ಬಹಳ ಹುಡುಗರು ಇಲ್ಲೇ ತೂಗಾಡುತ್ತಾರೆ, ಒಳ್ಳೆಯ ಕಾಲಿನಲ್ಲಿ ತೂಗಾಡುವುದು ಕಡಿಮೆ. ಆಮೇಲೆ ದಿಂಬಿನ ಮೇಲೆ ನಿಲ್ಲಿ, ಆಮೇಲೆ ಎದುರಿನವರು ಎಸೆದ ಚೆಂಡು ಹಿಡಿಯುತ್ತಾ. ನೆದರ್‌ಲ್ಯಾಂಡ್ಸ್‌ನ ವಾಲಿಬಾಲ್ ಆಟಗಾರರ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಸಮತೋಲನದ ಅಭ್ಯಾಸದಿಂದ ಕಾಲುಗಂಟಿನ ಉಳುಕು ಕಡಿಮೆಯಾಯಿತು. ಲಾಭ ಸಿಕ್ಕಿದ್ದು ಮುಂಚೆ ಉಳುಕಿದ್ದವರಿಗೆ, ಅಂದರೆ ನಿಮ್ಮಂಥವರಿಗೆ.

ವ್ಯಾಯಾಮದ ಹೊತ್ತಿಗೆ ಹತ್ತರಲ್ಲಿ ಮೂರರಷ್ಟು ನೋವು ಬಂದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಬಾವು ಅಥವಾ ಬಿಗಿತ ಹೆಚ್ಚಾಗಿದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿಯಾಯಿತು, ಒಂದು ಮೆಟ್ಟಿಲು ಇಳಿಯಿರಿ. ನೋವಿನ ಮಾತ್ರೆ ನುಂಗಿ ಅಭ್ಯಾಸ ಮಾಡಿದರೆ ಇದು ತಿಳಿಯುವುದೇ ಇಲ್ಲ.

ದಮ್ಮು ಹೋಗಿದೆ ಅಂದಿರಿ. ಹೋಗುತ್ತದೆ, ಎರಡು ಮೂರು ವಾರ ಕೂತರೆ ಸಾಕು. ಅದಕ್ಕೆ ಕಾಲು ಪೂರ್ತಿ ಸರಿಯಾಗುವ ತನಕ ಕಾಯಬೇಕಾಗಿಲ್ಲ. ಒಂದು ರೈಡಿಗೆ 30 ಸೆಕೆಂಡು. ಸೈಕಲ್ಲಿನಲ್ಲಿ 30 ಸೆಕೆಂಡು ಜೋರಾಗಿ ತುಳಿದು, ಒಂದು ನಿಮಿಷ ಹಗುರವಾಗಿ ತುಳಿಯಿರಿ, ಹೀಗೆ ಎಂಟು ಹತ್ತು ಸಲ. ಈಜು ಬಂದರೆ ಕೆರೆಯೂ ಆಗುತ್ತದೆ. ತೋಟಕ್ಕೆ ಇಳಿಯುವ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲುಗಳಲ್ಲಿ ಮಾತ್ರ ಓಡಬೇಡಿ. ಒಳ್ಳೆಯ ಕಾಲಿಗೂ ವ್ಯಾಯಾಮ ಬಿಡಬೇಡಿ, ಅದರ ಶಕ್ತಿಯ ಸ್ವಲ್ಪ ಪಾಲು ನರಗಳ ಮೂಲಕ ಗಾಯದ ಕಾಲಿಗೂ ಸಿಗುತ್ತದೆ.

ಪರೀಕ್ಷೆ ಹೀಗೆ. ಒಂಟಿ ಕಾಲಿನಲ್ಲಿ ಮುಂದಕ್ಕೆ ಮೂರು ಕುಪ್ಪಳಿಸಿ ಎಷ್ಟು ದೂರ ಅಂತ ಅಳೆಯಿರಿ. ಆಮೇಲೆ ಬದಿಗೆ ಕುಪ್ಪಳಿಸಿ. ಉಳುಕಿದ ಕಾಲು ಒಳ್ಳೆಯ ಕಾಲಿನ ದೂರದ ಶೇಕಡಾ 90 ಮುಟ್ಟಬೇಕು, ಇಳಿಯುವಾಗ ತತ್ತರಿಸಬಾರದು. ಮುಟ್ಟಿದರೆ ಅರ್ಧ ವೇಗದಲ್ಲಿ ರೈಡ್, ಬಳಿಕ ಪೂರ್ಣ ವೇಗ, ಆಮೇಲೆ ಒಬ್ಬ ಡಿಫೆಂಡರ್ ಜೊತೆ. ಆಂಕಲ್ ಹೋಲ್ಡ್, ಅಂದರೆ ಡಿಫೆಂಡರ್ ಕಾಲುಗಂಟಿಗೆ ಹಾಕುವ ಹಿಡಿತ, ಬಿಡಿಸಿಕೊಳ್ಳುವ ಅಭ್ಯಾಸ ಎಲ್ಲಕ್ಕಿಂತ ಕೊನೆಗೆ. ಎದುರು ತಂಡದ ಕಾರ್ನರ್ ಡಿಫೆಂಡರ್‌ಗೆ ನಿಮ್ಮ ಉಳುಕಿನ ಸುದ್ದಿ ಈಗಾಗಲೇ ಮುಟ್ಟಿರುತ್ತದೆ ಅಂತಲೇ ಇಟ್ಟುಕೊಳ್ಳಿ.

ನಮ್ಮೂರಲ್ಲಿ ಗಾಯದ ಮಾತು ಬಂದರೆ ಯಾರಾದರೂ ಅನಿಲ್ ಕುಂಬ್ಳೆಯ ಹೆಸರು ತೆಗೆದೇ ತೆಗೆಯುತ್ತಾರೆ. ಊರ ಹೆಸರು ಹೊತ್ತವರು, ಹೆಮ್ಮೆ ನನಗೂ ಇದೆ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಲಾರಾ ವಿಕೆಟ್ ತೆಗೆದರು, ನಿಜ. ಆದರೆ ದವಡೆಯ ಮೇಲೆ ನಿಂತು ಯಾರೂ ಓಡುವುದಿಲ್ಲ ಮಾರಾಯ್ರೆ. ಅವರೂ ಆಮೇಲೆ ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಮರಳಿದರು.

ನಿಮ್ಮ ತಂಡದ ಉಳಿದವರಿಗಾಗಿ ಒಂದು ಮಾತು. ಮೊಣಕಾಲಿನಲ್ಲಿ "ಟಕ್" ಅಂತ ಶಬ್ದ ಬಂದು, ಕೆಲವೇ ಗಂಟೆಗಳಲ್ಲಿ ಊದಿ, ಆಮೇಲೆ ತಿರುಗುವಾಗ ಮೊಣಕಾಲು ಜಾರಿದ ಹಾಗಾದರೆ ಅದು ಉಳುಕಿನ ಲೆಕ್ಕಕ್ಕೆ ಸೇರುವುದಿಲ್ಲ. ಮೊಣಕಾಲಿನೊಳಗಿನ ಎಸಿಎಲ್ ಅನ್ನುವ ಲಿಗಮೆಂಟು ಹರಿದಿರಬಹುದು, ಡಾಕ್ಟರಿಗೆ ತೋರಿಸಲೇಬೇಕು. ಅದರ ಆಪರೇಷನ್ ಆದವರನ್ನು ಒಂಬತ್ತು ತಿಂಗಳಿಗೆ ಮುಂಚೆ ಅಂಕಣಕ್ಕೆ ಇಳಿಸಬೇಡಿ.

ಇನ್ನು ನಿಮ್ಮ ಟೂರ್ನಮೆಂಟು. ಕುಪ್ಪಳಿಸುವ ಪರೀಕ್ಷೆ ದಾಟಿದರೆ ಆಡಿ, ಆದರೆ ಲೇಸ್ ಕಟ್ಟುವ ಆಂಕಲ್ ಬ್ರೇಸ್ ಹಾಕಿ ಅಥವಾ ಬಲ್ಲವರಿಂದ ಟೇಪ್ ಸುತ್ತಿಸಿಕೊಂಡು ಆಡಿ, ಒಂದು ವರ್ಷದ ಮಟ್ಟಿಗೆ ಇದನ್ನು ರೂಢಿ ಮಾಡಿಕೊಳ್ಳಿ. ದಾಟದಿದ್ದರೆ ತಂಡದವರಿಗೆ ಈಗಲೇ ಹೇಳಿ, ಇನ್ನೊಬ್ಬ ರೈಡರ್ ತಯಾರಾಗಲಿ. ಆರೆಂಟು ವಾರ ಚೆನ್ನಾಗಿ ವ್ಯಾಯಾಮ ಮಾಡಿದ ಮೇಲೂ ಗಂಟು ಜಾರುತ್ತಿದ್ದರೆ, ಅಥವಾ ಮೀನಖಂಡವನ್ನು ಎರಡು ಕೈಯಿಂದ ಅಮುಕಿದಾಗ ಗಂಟಿನ ಮೇಲ್ಗಡೆ ನೋವು ಬಂದರೆ, ಎಲುಬಿನ ಡಾಕ್ಟರಿಗೆ ತೋರಿಸಿ. ಎಂಆರ್‌ಐಗೆ ಮಂಗಳೂರಿನ ಬಸ್ಸು ಹತ್ತುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ನಿಮ್ಮ ಕಾಲನ್ನು ಕೈಯಲ್ಲಿ ಹಿಡಿದು ನೋಡಲಿ.