ಬರ್ಲಿನ್‌ಗೆ ಹೋದರೆ ಜರ್ಮನ್ ತಾನೇ ಬರುತ್ತಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಹಾವೇರಿಯವಳು, ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿದ್ದೇನೆ. ಮುಂದೆ ಜರ್ಮನಿಯಲ್ಲಿ ಎಂ.ಎಸ್. ಮಾಡುವ ಆಸೆ. ಅದಕ್ಕೂ ಮೊದಲು ಒಂದು ವರ್ಷ ಬರ್ಲಿನ್‌ನಲ್ಲೇ ಇದ್ದು ಜರ್ಮನ್ ಕಲಿಯೋಣ ಅಂತಿದ್ದೇನೆ. ಇಲ್ಲಿ ಕಲಿಯೋದು ಸುಮ್ನೆ, ಅಲ್ಲಿ ಇದ್ದರೆ ಆರು ತಿಂಗಳಲ್ಲಿ ತಾನೇ ಬರುತ್ತೆ ಅಂತ ಗೆಳತಿ ಹೇಳ್ತಾಳೆ. ಅಪ್ಪ ಹೊಲದ ಮೇಲೆ ಸಾಲ ತೆಗೆಯೋಕೂ ತಯಾರಿದ್ದಾರೆ. ಒಂದಕ್ಷರ ಬರದೆ ಹೋಗಬಹುದಾ?
– ಓದುಗಿ, ಹಾವೇರಿ

ಉತ್ತರ: ತಂಗಿ, ಹೋಗು, ಆದರೆ ಒಂದಕ್ಷರ ಬರದೆ ಹೋಗಬೇಡ. ನಾನು ಒಂದು ವರ್ಷ ಅಲ್ಲಿದ್ದವಳು. ಬರ್ಲಿನ್ ತಾನಾಗಿ ಜರ್ಮನ್ ಕಲಿಸುವ ಊರಲ್ಲ. ಕ್ರೊಯ್ಟ್ಸ್‌ಬೆರ್ಗ್, ನೊಯ್‌ಕ್ಯೋಲ್ನ್ ಕಡೆ ನಡೆದರೆ ಟರ್ಕಿಶ್, ಅರಬಿ, ಇಂಗ್ಲಿಷ್ ಎಲ್ಲ ಕಿವಿಗೆ ಬೀಳುತ್ತವೆ. ಕಾಫಿ ಅಂಗಡಿಯಲ್ಲಿ ನೀನು ಕಷ್ಟಪಟ್ಟು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಎದುರಿನವರು ಇಂಗ್ಲಿಷಿಗೆ ಹೊರಳಿಬಿಡುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಮಾಡ್ತಾರೆ, ಆದರೆ ನಷ್ಟ ನಿನಗೆ. ರೂಮಿನಲ್ಲಿ ನಮ್ಮ ದೇಶದವರೇ ಸಿಕ್ಕರಂತೂ ವರ್ಷ ಹೇಗೆ ಕಳೆಯಿತು ಅಂತ ಗೊತ್ತೇ ಆಗುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ನೋಡು. ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ದುಡ್ಡು ಮೊದಲೇ ಇಟ್ಟು, ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಖಾತೆ) ತೋರಿಸುವ ಮೊತ್ತ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಬರೀ ಭಾಷೆ ಕಲಿಯಲು ಹೋಗುವವರಿಗೆ ಅದಕ್ಕಿಂತ ಜಾಸ್ತಿ. ಕೋರ್ಸಿನ ಫೀಸು ಬೇರೆ. ಅಷ್ಟು ಖರ್ಚು ಮಾಡಿ ಅಲ್ಲಿ ಕೂತು ಒಂದು ಎರಡು ಎಣಿಸುವುದನ್ನು ಕಲಿಯಬೇಕಾ? ಭಾಷೆ ಕಲಿಕೆಯ ಮೊದಲ ಮೂರು ಹಂತಗಳಾದ ಎ1, ಎ2, ಬಿ1 ಇವನ್ನು ಹಾವೇರಿಯ ಮನೆಯಲ್ಲೇ ಮುಗಿಸಬಹುದು. ಬೆಂಗಳೂರಿನಲ್ಲಿ ಗೋಯ್ಥೆ ಇನ್‌ಸ್ಟಿಟ್ಯೂಟ್ ಇದೆ, ಮ್ಯಾಕ್ಸ್ ಮುಲ್ಲರ್ ಭವನ ಅಂತಾರಲ್ಲ, ಅದೇ. ಆನ್‌ಲೈನ್ ಕ್ಲಾಸೂ ಉಂಟು.

ಇನ್ನೊಂದು ಮಾತು, ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಜರ್ಮನ್ ಅನ್ನು ಇಂಗ್ಲಿಷ್ ಮೂಲಕ ಕಲಿಯಬೇಡ, ಕನ್ನಡದ ಪಕ್ಕ ಇಟ್ಟು ಕಲಿ. 'ವೈಲ್ ಇಷ್ ಹೊಯ್ಟ ಕೈನ ತ್ಸೈಟ್ ಹಾಬ' ಅಂದರೆ 'ಯಾಕಂದ್ರೆ ನನಗೆ ಇವತ್ತು ಟೈಮ್ ಇಲ್ಲ'. ಕ್ರಿಯಾಪದ ಕೊನೆಗೆ ಬಂತು, ನೋಡಿದೆಯಾ? ಇಂಥ ವಾಕ್ಯಗಳಲ್ಲಿ ಇಂಗ್ಲಿಷಿನವರು ತಡವರಿಸುತ್ತಾರೆ, ನಮಗೆ ಅದು ಮನೆಯ ಮಾತಿನ ಹಾಗೆ. 'ದು', 'ಝೀ' ಅಂದರೆ ನೀನು, ನೀವು. ಹುಡುಗಿ ಅನ್ನುವುದಕ್ಕೆ ಅವರಲ್ಲಿ 'ದಾಸ್ ಮೇಡ್‌ಷೆನ್', ನಪುಂಸಕ ಲಿಂಗ. ನಮ್ಮ ಕಡೆಯೂ ಸಣ್ಣ ಹುಡುಗಿಗೆ 'ಅದು ಸಾಲಿಗೆ ಹೋಗೇತಿ' ಅಂತೀವಿ ಅಲ್ವಾ? ಉಳಿದ ಪದಗಳ ಮುಂದೆ ಲಿಂಗ ತೋರಿಸಲು ಬರುವ ದೆರ್, ದೀ, ದಾಸ್ ಮಾತ್ರ ಬಾಯಿಪಾಠವೇ ಗತಿ.

ಬಿ1 ಕೈಯಲ್ಲಿ ಹಿಡಿದು ಹೋದರೆ ಅದೇ ಬರ್ಲಿನ್ ನಿನ್ನ ಕೆಲಸಕ್ಕೆ ಬರುತ್ತದೆ. ಅಲ್ಲಿ 12 ಜಿಲ್ಲೆಗಳಿವೆ, ಪ್ರತಿಯೊಂದಕ್ಕೂ 'ಫೋಲ್ಕ್ಸ್‌ಹೋಖ್‌ಶೂಲೆ' ಅನ್ನುವ ಸರ್ಕಾರಿ ಸಂಜೆ ಶಾಲೆಯಂಥದ್ದು ಇದೆ, ಹಗಲೂ ಕ್ಲಾಸ್ ಇರುತ್ತವೆ, ಫೀಸು ಖಾಸಗಿಗಿಂತ ಕಡಿಮೆ. ನನ್ನ ಪಕ್ಕ ಕೂರುತ್ತಿದ್ದ ವಿಯೆಟ್ನಾಮಿನ ಹೆಂಗಸಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಅವರ ಭಾಷೆ ಬರುತ್ತಿರಲಿಲ್ಲ. ಅನ್ನ ಮಾಡುವುದು, ಮಕ್ಕಳ ಜ್ವರ, ಊರಿನ ನೆನಪು, ಎಲ್ಲವನ್ನೂ ಮುರುಕು ಜರ್ಮನ್‌ನಲ್ಲೇ ಆಡಿದೆವು. ನನಗೆ ಮಾತು ಬಂದದ್ದು ಆ ಬಿಡುವಿನ ಹೊತ್ತಿನಲ್ಲಿ.

ನಿನ್ನ ಎಂ.ಎಸ್. ಯಾವ ಭಾಷೆಯಲ್ಲಿ ಅಂತ ಈಗಲೇ ನೋಡಿಕೋ. ಇಂಗ್ಲಿಷ್‌ನಲ್ಲಿ ಪಾಠ ಇರುವ ಕೋರ್ಸುಗಳು ಬೇಕಾದಷ್ಟಿವೆ, ಅದಾದರೆ ಭಾಷೆಗೆ ಅಂತ ಬೇರೆ ವರ್ಷವೇ ಬೇಕಾಗಲಿಕ್ಕಿಲ್ಲ. ಜರ್ಮನ್‌ನಲ್ಲಿ ಇದ್ದರೆ ಸಾಮಾನ್ಯವಾಗಿ ಬಿ1ಗಿಂತ ಎರಡು ಹಂತ ಮೇಲಿನ ಸಿ1 ಹತ್ತಿರದ ಮಟ್ಟ ಕೇಳುತ್ತಾರೆ. ಹೊಲದ ಕಾಗದ ಸದ್ಯಕ್ಕೆ ಟ್ರಂಕಿನಲ್ಲೇ ಇರಲಿ. ಬಿ1 ಪರೀಕ್ಷೆ ಪಾಸಾದ ದಿನ ಅಪ್ಪನ ಹತ್ತಿರ ಸಾಲದ ಮಾತು ಎತ್ತು.