ಬೆಳೆಯುತ್ತಿರುವ ಹೊರವಲಯದ ಬಡಾವಣೆಗೆ ನಡೆದೇ ಓಡಾಡಬಹುದಾದ ಪೇಟೆ ಮಾಡುವುದು ಹೇಗೆ?

ಮೊದಲು ದೂರ ನೋಡಿ. ಆರಾಮಾಗಿ ನಡೆದರೆ 5 ನಿಮಿಷಕ್ಕೆ ಸುಮಾರು 400 ಮೀಟರ್ ಆಗುತ್ತದೆ. ದಿನಾ ಬೇಕಾಗುವ ಅಂಗಡಿ, ಶಾಲೆ, ಬಸ್ ನಿಲ್ದಾಣ ಅಷ್ಟರೊಳಗೆ ಸಿಕ್ಕರೆ ಹೆಚ್ಚಿನವರು ಗಾಡಿ ತೆಗೆಯುವುದಿಲ್ಲ.

ನಕ್ಷೆಯಲ್ಲಿ ಹತ್ತಿರ ಕಂಡರೆ ಮಾತ್ರ ಸಾಲದು. ಎಷ್ಟೋ ಕಡೆ ಹಿತ್ತಿಲ ಗೋಡೆಯ ಆಚೆಗೇ ಅಂಗಡಿ ಇರುತ್ತದೆ, ಹೋಗಲು ಇಡೀ ಬಡಾವಣೆ ಸುತ್ತಬೇಕು. ಅಲ್ಲಿ ಗೋಡೆ ಒಡೆದು ಒಂದು ಓಣಿ ಬಿಟ್ಟರೆ ಅರ್ಧ ಕೆಲಸ ಆದಂತೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ನಡುಭಾಗದಲ್ಲಿ ಒಂದು ಬ್ಲಾಕ್, ಅಂದರೆ ಎರಡು ಅಡ್ಡರಸ್ತೆಗಳ ನಡುವಿನ ಜಾಗ, ಬರೀ 60 ಮೀಟರ್ ಉದ್ದ. ನಿಮಿಷಕ್ಕೊಂದು ತಿರುವು ಸಿಗುತ್ತದೆ.

ಪಾರ್ಕಿಂಗ್ ಕಟ್ಟಡದ ಹಿಂದಿರಲಿ, ಅಂಗಡಿ ಬಾಗಿಲು ಫುಟ್‌ಪಾತಿಗೇ ತೆರೆಯಲಿ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮುಖ್ಯ ಇದೇ. ಬಿಸಿಲಲ್ಲಿ ಕಾರುಗಳ ನಡುವೆ ನುಸುಳಿಕೊಂಡು ಬಾಗಿಲು ಹುಡುಕೋದು ಯಾರಿಗೆ ಬೇಕು, ಅಲ್ವಾ? ನೆರಳಿಗೆ ಮರ ಬೇಕು. ಅಂಗಡಿಗಳ ಮೇಲೆ ಮನೆಗಳೂ ಇರಲಿ, ಇಲ್ಲದಿದ್ದರೆ ರಾತ್ರಿ ಬೀದಿ ಬಿಕೋ ಅನ್ನುತ್ತದೆ.

ಸುಮ್ನೆ ಮೊದಲ ದಿನವೇ ಕಾರು ನಿಷೇಧಿಸಬೇಡಿ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಪೇಟೆ ಬೀದಿ ಸ್ಟ್ರೋಯೆಟ್‌ನಲ್ಲೂ 1962ರಲ್ಲಿ ಪ್ರಯೋಗಕ್ಕೆಂದೇ ಕಾರುಗಳ ಓಡಾಟ ನಿಲ್ಲಿಸಿದ್ದು. ಕಾಯಂ ಆಗಿದ್ದು ಆಮೇಲೆ.